ಉಡಿದಾರ ಬಿಚ್ಚಿದ ಮೇಲೆ

ಹಸುಗೂಸಿನ ಎಕ್ಸ್‌ರೇ ತೆಗೆಯುವ ಮುಂಚೆ ಉಡಿದಾರ ಬಿಚ್ಚಿಸಬೇಕು. ದಾರ ಫಿಲ್ಮಿನಲ್ಲಿ ಮೂಡುವುದಿಲ್ಲ. ಅದಕ್ಕೆ ಪೋಣಿಸಿದ ಬೆಳ್ಳಿಗುಂಡು, ತಾಮ್ರದ ತಾಯತ ಮಾತ್ರ ಬೆಳ್ಳಗೆ ಎದ್ದು ಕಂಡು ಹಿಂದಿರುವ ಮೂಳೆಯನ್ನೇ ಮುಚ್ಚಿಬಿಡುತ್ತವೆ. ಬಿಚ್ಚಿ ಅಂದರೆ ಮನೆಯವರು ಹಿಂದೆಮುಂದೆ ನೋಡುತ್ತಾರೆ, ಕಣ್ಣು ತಾಕೀತು ಅಂತ ಭಯ. "ಐದು ನಿಮಿಷ ಅಷ್ಟೇ, ನಿಮ್ಮ ಕೈಲೇ ಇಟ್ಕೊಂಡಿರಿ, ಆಮೇಲೆ ನೀವೇ ಕಟ್ಟಿ" ಅನ್ನುತ್ತೇನೆ. ಜಿಲ್ಲಾ ಕೇಂದ್ರವೊಂದರ ಆಸ್ಪತ್ರೆಯಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಆಗಿ ಇಪ್ಪತ್ತೆರಡು ವರ್ಷವಾಯಿತು. ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಆ ಅಜ್ಜಿ ಮಾತ್ರ ನಾನು ಬಾಯಿ ಬಿಡುವ ಮೊದಲೇ ಗಂಟು ಬಿಚ್ಚತೊಡಗಿದ್ದರು. ಕೈ ನಡುಗುತ್ತಿತ್ತು, ಗಂಟು ಬಿಚ್ಚಿಕೊಳ್ಳಲೇ ಇಲ್ಲ. ಕೊನೆಗೆ ನಾನೇ ಕತ್ತರಿಯಲ್ಲಿ ಕತ್ತರಿಸಿ ಅವರ ಅಂಗೈಯಲ್ಲಿಟ್ಟೆ. ಕೂಸಿಗೆ ಹದಿನಾಲ್ಕು ವಾರ. ಎಡತೊಡೆ ಊದಿಕೊಂಡಿತ್ತು, ಬಟ್ಟೆ ಬದಲಿಸಲು ಕಾಲು ಎತ್ತಿದರೆ ಸಾಕು ಚೀರುತ್ತಿತ್ತು. ಬಾಗಿಲ ಆಚೆ ಗಂಡನ ಮನೆಯವರು ನಿಂತಿದ್ದರು. ಕೂಸಿನ ಅಪ್ಪನ ತಾಯಿ ಎಲ್ಲರಿಗೂ ಕೇಳುವ ಹಾಗೆ, "ಎರೆಯೋವಾಗ ಕಾಲು ಹಿಡ್ಕೊಂಡು ಎಳೆದವ್ಳೆ. ಬ್ಯಾಡ ಬ್ಯಾಡ ಅಂದ್ರೂ ಕೇಳ್ಲಿಲ್ಲ" ಅನ್ನುತ್ತಿದ್ದರು. ಬಾಣಂತನ ತವರಲ್ಲಿ ನಡೆದಿತ್ತು. ಮೊಮ್ಮಗನನ್ನು ದಿನಾ ಎರೆಯುತ್ತಿದ್ದವರು ಈ ಅಜ್ಜಿ.

ನಾನೂ ಆ ಮಾತು ನಂಬಿದೆ. ಇದನ್ನು ಮುಚ್ಚಿಟ್ಟು ಉಳಿದದ್ದನ್ನು ಬರೆದರೆ ಸುಳ್ಳಾಗುತ್ತದೆ. ನಾನು ನೋಡಿದ್ದು ಆ ಕೈಗಳನ್ನು. ಹೊಲದ ಕೆಲಸ ಮಾಡಿ ಗಂಟುಕಟ್ಟಿದ ಬೆರಳು, ಒಡೆದ ಉಗುರು. ಎರಡೂ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಕೆಳಗೆ ಬೋರಲು ಹಾಕಿಕೊಂಡು, ಹರಳೆಣ್ಣೆ ತಿಕ್ಕಿ, ಹಂಡೆಯ ಬಿಸಿನೀರು ಸುರಿದು, ಕೊನೆಗೆ ಬಲಗೈ ಎಡಗಾಲು, ಎಡಗೈ ಬಲಗಾಲು ಜೋಡಿಸಿ ಎಳೆಯುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಉಂಟು. ಆ ಕೈಗೂ ಆ ಪುಟ್ಟ ತೊಡೆಗೂ ಮನಸ್ಸಿನಲ್ಲೇ ಗಂಟು ಹಾಕಿ, ತೀರ್ಪು ಕೊಟ್ಟು ಮುಗಿಸಿದ್ದೆ. ಆಗಿನ್ನೂ ಫಿಲ್ಮೇ ಹೊರಗೆ ಬಂದಿರಲಿಲ್ಲ.

ತೊಡೆಮೂಳೆ ನಡುವೆ ಮುರಿದಿತ್ತು. ತೆಗೆದುಕೊಂಡು ಹೋಗಿ ತೋರಿಸಿದಾಗ ನಮ್ಮ ರೇಡಿಯಾಲಜಿಸ್ಟ್ ಮೇಡಂ ತುಂಬ ಹೊತ್ತು ನೋಡಿದರು. "ಬರೀ ಕಾಲು ಯಾಕೆ ತೆಗೆದ್ರಿ? ಮೈಯೆಲ್ಲ ತೆಗೀರಿ. ಒಂದೇ ಫಿಲ್ಮಲ್ಲಿ ಇಡೀ ಮಗು ಬೇಡ. ಒಂದೊಂದು ಅಂಗ ಬೇರೆ ಬೇರೆ."

ನಡೆಯಲು ಬಾರದ ಮಗುವಿನ ಮೂಳೆ ಮುರಿದಿದ್ದರೆ, ಹೇಗೆ ಮುರಿಯಿತು ಎಂದು ತೃಪ್ತಿಯಾಗುವ ಹಾಗೆ ಯಾರೂ ಹೇಳಲಾರದಿದ್ದರೆ, ಜಗತ್ತಿನ ಒಳ್ಳೆಯ ಆಸ್ಪತ್ರೆಗಳಲ್ಲೆಲ್ಲ ಮಾಡುವುದು ಇದನ್ನೇ. ಸ್ಕೆಲಿಟಲ್ ಸರ್ವೆ ಅನ್ನುತ್ತಾರೆ. ತಲೆಬುರುಡೆ ಎರಡು ಕೋನದಿಂದ, ಎದೆ ನೇರವಾಗಿ ಮತ್ತು ಎರಡೂ ಪಕ್ಕಕ್ಕೆ ಓರೆಯಾಗಿ, ಬೆನ್ನುಮೂಳೆ, ಸೊಂಟ, ತೋಳು, ಮುಂಗೈ, ಅಂಗೈ, ತೊಡೆ, ಮೊಣಕಾಲ ಕೆಳಗಿನ ಭಾಗ, ಪಾದ. ಇಡೀ ಕೂಸನ್ನು ಒಂದೇ ಫಿಲ್ಮಿಗೆ ಹಿಡಿಸಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ನೋಡಲೇಬೇಕಾದ ಸಣ್ಣ ಬಿರುಕುಗಳೆಲ್ಲ ಅದರಲ್ಲಿ ಮಸುಕಾಗಿಬಿಡುತ್ತವೆ. ಅವತ್ತು ಆ ಕೂಸಿಗೆ ಒಂದೊಂದೇ ಫಿಲ್ಮು ತೆಗೆಯಲು ಮುಕ್ಕಾಲು ಗಂಟೆ ಹಿಡಿಯಿತು. ಲೆಡ್ ಏಪ್ರನ್ ಹಾಕಿಕೊಂಡು ಕೂಸನ್ನು ಹಿಡಿದು ನಿಂತದ್ದು ಅದೇ ಅಜ್ಜಿ. ಏಪ್ರನ್ ಅವರ ಮೈಗಿಂತ ಭಾರವಿದ್ದ ಹಾಗೆ ಕಾಣುತ್ತಿತ್ತು. ಕೂಸು ಅತ್ತಾಗಲೆಲ್ಲ "ಆಯ್ತು ಕಣಪ್ಪ, ಆಯ್ತು ಕಣಪ್ಪ" ಅನ್ನುತ್ತಿದ್ದರು.

ಉತ್ತರ ಸಿಕ್ಕಿದ್ದು ಮಣಿಕಟ್ಟಿನ ಫಿಲ್ಮಿನಲ್ಲಿ. ಅಲ್ಲಿ ಯಾರೂ ಕೈ ಇಟ್ಟಿರಲಿಲ್ಲ, ಊತವೂ ಇರಲಿಲ್ಲ. ಆರೋಗ್ಯವಾಗಿರುವ ಮಗುವಿನ ಮುಂಗೈ ಮೂಳೆಯ ತುದಿ ಪೆನ್ನಿನಲ್ಲಿ ಗೆರೆ ಎಳೆದ ಹಾಗೆ ಚೊಕ್ಕವಾಗಿರುತ್ತದೆ. ಇದರದ್ದು ಹಳೇ ಟೂತ್‌ಬ್ರಷ್ಷಿನ ಹಾಗೆ ಎಳೆ ಎಳೆಯಾಗಿ ಬಿಚ್ಚಿಕೊಂಡು, ನಡುವೆ ಬಟ್ಟಲಿನಂತೆ ಒಳಗೆ ಸರಿದಿತ್ತು. ಮೈಯ ಎಲ್ಲ ಮೂಳೆಗಳ ಹೊರಗೋಡೆಯೂ ತೆಳ್ಳಗೆ, ಒಳಗೆಲ್ಲ ಮಬ್ಬು. ಮೇಡಂ ಕೂಸಿನ ತಾಯಿಯನ್ನು ಕರೆಸಿ ಕೇಳಿದ ಮೊದಲ ಪ್ರಶ್ನೆಗೂ ಕಾಲಿಗೂ ಸಂಬಂಧವಿರಲಿಲ್ಲ. "ಎಷ್ಟು ತಿಂಗಳಿಗೆ ಹೆರಿಗೆಯಾಯ್ತಮ್ಮ?"

ಏಳು ತಿಂಗಳು ತುಂಬಿ ಸ್ವಲ್ಪ ದಿನಕ್ಕೆ. ಮೂವತ್ತೊಂದನೆಯ ವಾರ.

ತಾಯಿಯ ಮೈಯಿಂದ ಕೂಸಿಗೆ ಹೋಗುವ ಕ್ಯಾಲ್ಸಿಯಂನಲ್ಲಿ ನೂರಕ್ಕೆ ಎಂಬತ್ತರಷ್ಟು ಪಾಲು ಗರ್ಭದ ಕೊನೆಯ ಮೂರು ತಿಂಗಳಲ್ಲಿ ಹೋಗುತ್ತದೆ. ರಂಜಕವೂ ಹಾಗೆಯೇ. ಅವಧಿಗೆ ಮುಂಚೆ ಹುಟ್ಟಿದ ಕೂಸು ಆ ಪಾಲನ್ನು ಬಿಟ್ಟು ಬಂದಿರುತ್ತದೆ. ಹೊರಗೆ ಬಂದ ಮೇಲೆ ಬೆಳೆಯುವ ವೇಗ ಜಾಸ್ತಿ, ತಾಯಿಯ ಹಾಲೊಂದರಿಂದಲೇ ಆ ಕೊರತೆ ತುಂಬುವುದಿಲ್ಲ. ಅದಕ್ಕೇ ಇಂಥ ಮಕ್ಕಳಿಗೆ ಕ್ಯಾಲ್ಸಿಯಂ, ರಂಜಕ, ವಿಟಮಿನ್ ಡಿ ಬೇರೆಯಾಗಿ ಕೊಡುತ್ತಾರೆ. ಕೊಡದಿದ್ದರೆ ಎರಡು, ಮೂರು ತಿಂಗಳ ಹೊತ್ತಿಗೆ ಮೂಳೆ ಎಷ್ಟು ಸಡಿಲವಾಗುತ್ತದೆ ಅಂದರೆ ಬಟ್ಟೆ ಬದಲಿಸುವಾಗ, ರಕ್ತ ತೆಗೆಯಲು ಕೈ ಬಿಗಿಹಿಡಿದಾಗ ಮುರಿಯಬಹುದು. ಈ ಕೂಸನ್ನು ಐದು ವಾರ ಗಾಜಿನ ಪೆಟ್ಟಿಗೆಯಲ್ಲಿಟ್ಟು ಉಳಿಸಿ ಮನೆಗೆ ಕಳಿಸಿದ್ದ ಆಸ್ಪತ್ರೆಯವರು ಡ್ರಾಪ್ಸ್ ಬರೆದಿದ್ದರು. ಬಾಟಲಿ ಮುಗಿಯಿತು. ಮುಗಿದ ಮೇಲೆ ಮತ್ತೆ ತರಬೇಕು ಅಂತ ಯಾರೂ ಹೇಳಿರಲಿಲ್ಲ, ಚೀಟಿ ಇಂಗ್ಲಿಷಿನಲ್ಲಿತ್ತು. ರಕ್ತಪರೀಕ್ಷೆಯಲ್ಲಿ, ಮೂಳೆ ಸೊರಗಿದಾಗ ಏರುವ ಆಲ್ಕಲೈನ್ ಫಾಸ್ಫಟೇಸ್ ಸಾವಿರ ದಾಟಿತ್ತು, ರಂಜಕ ತೀರಾ ಕೆಳಗಿತ್ತು.

ಅಜ್ಜಿ ಎಳೆದಾಗಲೇ ಮುರಿದಿರಬಹುದು. ತೊಟ್ಟಿಲಿನಿಂದ ಎತ್ತುವಾಗ ಮುರಿದಿರಬಹುದು. ಅಪ್ಪ ಬಂದು ಮುದ್ದಿಸಿದಾಗಲೂ ಮುರಿದಿರಬಹುದು. ಮೇಡಂ ಆಮೇಲೆ ನನಗೆ ಹೇಳಿದ್ದಿಷ್ಟೆ: "ಇಷ್ಟು ವರ್ಷದಲ್ಲಿ ಎರೆದದ್ದರಿಂದ ಗಟ್ಟಿ ಮೂಳೆ ಮುರಿದದ್ದು ನಾನಂತೂ ನೋಡಿಲ್ಲ. ಈ ಮೂಳೆ ಗಟ್ಟಿ ಇರಲಿಲ್ಲ."

ಈ ವಿಷಯ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಬರೆಯಲು ಕೂತರೆ ಇನ್ನೊಂದು ಕೂಸು ಅಡ್ಡ ಬರುತ್ತಿತ್ತು. ಅದು ಈ ಕೂಸಿಗಿಂತ ಆರು ವರ್ಷ ಹಿಂದಿನದು, ನಾನು ಆಗ ಇದ್ದದ್ದು ಬೇರೊಂದು ಆಸ್ಪತ್ರೆ. ಒಂಬತ್ತು ವಾರದ ಹೆಣ್ಣುಮಗು. ನೆಗಡಿ, ಉಸಿರಾಟ ಜೋರು ಅಂತ ಎದೆಯ ಎಕ್ಸ್‌ರೇಗೆ ಬಂದಿತ್ತು. ಕಾರಿನಲ್ಲಿ ಬಂದವರು, ಓದಿದವರು. ಮಗುವಿನ ಮೈಮೇಲೆ ಹೊಸ ಫ್ರಾಕು, ಬೇಬಿ ಪೌಡರಿನ ವಾಸನೆ. ಫಿಲ್ಮು ತೊಳೆದು ಬೆಳಕಿಗೆ ಹಿಡಿದೆ. ಎಡಗಡೆ, ಬೆನ್ನುಮೂಳೆಗೆ ತಾಗಿದ ಹಾಗೆ, ಮೂರು ಪಕ್ಕೆಲುಬುಗಳ ಮೇಲೆ ಒಂದರ ಕೆಳಗೊಂದು ಮೂರು ಉಬ್ಬು. ಪೋಣಿಸಿದ ಮಣಿಯ ಹಾಗೆ.

ಮುರಿದ ಮೂಳೆ ಕೂಡಿಕೊಳ್ಳುವಾಗ ಸುತ್ತ ಹೊಸ ಮೂಳೆಯ ಗಂಟು ಬೆಳೆಯುತ್ತದೆ ಅನ್ನುವುದು ನನಗೆ ಗೊತ್ತಿತ್ತು. ಡ್ಯೂಟಿ ಡಾಕ್ಟರಿಗೆ ತೋರಿಸಿದೆ. ಅವರೂ ಹೊಸಬರು. "ಡೆಲಿವರೀಲಿ ಆಗಿರ್ಬೇಕು ಬಿಡಿ. ಒಳ್ಳೆ ಮನೆಯವ್ರು, ಏನ್ ಕೇಳೋದು?" ಅಂದರು. ನಾನು ಬಿಟ್ಟೆ. ರಿಪೋರ್ಟಿನಲ್ಲಿ ಕಫದ ಬಗ್ಗೆ ಬರೆದಿತ್ತು, ಪಕ್ಕೆಲುಬಿನ ಮಾತೇ ಇರಲಿಲ್ಲ. ಮೂರು ವಾರ ಕಳೆದು ಅದೇ ಮಗು ಎಚ್ಚರ ತಪ್ಪಿ ಬಂತು. ಮಿದುಳಿನ ಸುತ್ತ ರಕ್ತ ಹೆಪ್ಪುಗಟ್ಟಿತ್ತು. ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರು. ಜೀವ ಉಳಿಯಿತು, ಕಣ್ಣು ಉಳಿಯಲಿಲ್ಲ ಅಂತ ಆಮೇಲೆ ಕೇಳಿದೆ.

ಆ ದಿನ ನನಗೆ ಗೊತ್ತಿಲ್ಲದಿದ್ದದ್ದನ್ನು ಈಗ ಬರೆಯುತ್ತೇನೆ. ಹೆರಿಗೆಯಲ್ಲಿ ಮೂಳೆ ಮುರಿಯುವುದುಂಟು. ಹೆಚ್ಚಾಗಿ ಮುರಿಯುವುದು ಕೊರಳಿನ ಕೆಳಗಿನ ಕಾಲರ್ ಬೋನು, ಭುಜ ಸಿಕ್ಕಿಹಾಕಿಕೊಂಡಾಗ. ಕಾಲು ಮುಂದಾಗಿ ಬರುವ ಹೆರಿಗೆಯಲ್ಲಿ ತೊಡೆ, ತೋಳು ಮುರಿದದ್ದೂ ಇದೆ, ಸಿಸೇರಿಯನ್ನಿನಲ್ಲೂ ಆಗಿದೆ. ಎಷ್ಟೋ ಮನೆಗಳಲ್ಲಿ ಕಾಲರ್ ಬೋನ್ ಮುರಿದದ್ದು ತಿಳಿಯುವುದೇ ಹತ್ತು ದಿನದ ಮೇಲೆ, ಎಣ್ಣೆ ಹಚ್ಚುವ ಅಜ್ಜಿಯ ಬೆರಳಿಗೆ ಸಣ್ಣ ಗಂಟು ಸಿಕ್ಕಾಗ. ಅದು ಮೂಳೆ ಕೂಡುತ್ತಿರುವ ಗುರುತು. ಕೂಸಿನ ಮೂಳೆಗೆ ಈ ಕ್ಯಾಲೆಂಡರು ಇದೆ: ಏಳರಿಂದ ಹತ್ತು ದಿನಕ್ಕೆ ಹೊಸ ಮೂಳೆ ಕಾಣತೊಡಗುತ್ತದೆ, ಎರಡು ವಾರದ ಹೊತ್ತಿಗೆ ಗಂಟು ಚೆನ್ನಾಗಿ ಮೂಡುತ್ತದೆ, ಆಮೇಲೆ ತಿಂಗಳುಗಟ್ಟಲೆ ಅದು ಸವೆದು ಸವೆದು ಮೊದಲಿನ ಆಕಾರಕ್ಕೆ ಬರುತ್ತದೆ. ಮೂರು ವಾರದ ಮಗುವಿನ ಮುರಿತದಲ್ಲಿ ಗಂಟಿನ ಸುಳಿವೇ ಇಲ್ಲವಾದರೆ ಅದು ಹೆರಿಗೆಯದಲ್ಲ. ತಾರೀಖು ಹೇಳುವಷ್ಟು ಕರಾರುವಾಕ್ಕು ಅಲ್ಲ ಈ ಲೆಕ್ಕ. ಆದರೂ ಒಂಬತ್ತು ವಾರದ ಮಗುವಿನಲ್ಲಿ ಒಳಗಿನ ಗೆರೆ ಇನ್ನೂ ಕಾಣುವಂಥ ಹಸಿ ಗಂಟು ಇದ್ದರೆ, ಡೆಲಿವರೀಲಿ ಆಗಿರ್ಬೇಕು ಬಿಡಿ ಅನ್ನುವ ಮಾತು ಅಲ್ಲಿಗೆ ನಿಲ್ಲುವುದಿಲ್ಲ.

ಇನ್ನು ಜಾಗ. ಪಕ್ಕೆಲುಬು ಬೆನ್ನುಮೂಳೆಗೆ ಸೇರುವಲ್ಲಿ ಹಿಂದುಗಡೆ ಮುರಿಯಬೇಕಾದರೆ, ದೊಡ್ಡವರ ಎರಡು ಕೈಗಳು ಎದೆಯನ್ನು ಸುತ್ತುವರಿದು ಅಮುಕಬೇಕು. ಹೆಬ್ಬೆರಳು ಮುಂದೆ, ಉಳಿದ ಬೆರಳು ಬೆನ್ನಿಗೆ. ಆಗ ಪಕ್ಕೆಲುಬು ಬೆನ್ನುಮೂಳೆಯ ರೆಕ್ಕೆಯ ಮೇಲೆ ಸನ್ನೆಕೋಲಿನ ಹಾಗೆ ಮಡಿಚಿ ಮುರಿಯುತ್ತದೆ. ಮಂಚದಿಂದ ಬಿದ್ದರೆ ಹೀಗಾಗುವುದಿಲ್ಲ. ಕೈಕಾಲಿನ ಉದ್ದ ಮೂಳೆಗಳ ತುದಿಯಲ್ಲಿ, ಬೆಳೆಯುವ ಭಾಗದ ಪಕ್ಕದಲ್ಲೇ, ಸಣ್ಣ ಚೂರು ಎದ್ದು ಬರುವುದೂ ಅಂಥದೇ ಗುರುತು. ಕೈಕಾಲನ್ನು ಜಗ್ಗಿ ತಿರುಚಿದಾಗ, ಹಿಡಿದು ಅಲ್ಲಾಡಿಸಿದಾಗ ಅದು ಆಗುತ್ತದೆ. ಅಮೆರಿಕದ ರೇಡಿಯಾಲಜಿಸ್ಟ್ ಪಾಲ್ ಕ್ಲೈನ್‌ಮನ್ 1986ರಲ್ಲಿ ಸತ್ತ ಮಕ್ಕಳ ಮೂಳೆಯನ್ನು ಸೂಕ್ಷ್ಮದರ್ಶಕದಲ್ಲಿ ಇಟ್ಟು, ಫಿಲ್ಮಿನ ಮೂಲೆಯಲ್ಲಿ ಕಾಣುವ ಚೂರು ನಿಜದಲ್ಲಿ ಮೂಳೆಯ ಇಡೀ ಅಡ್ಡಗಲಕ್ಕೆ ಹರಿದ ಬಿರುಕಿನ ಅಂಚು ಎಂದು ತೋರಿಸಿದರು. ಹಸಿ ಪಕ್ಕೆಲುಬಿನ ಬಿರುಕು ಮೊದಲ ದಿನ ಕಾಣದೆಯೂ ಇರಬಹುದು. ಅದಕ್ಕೇ ಎರಡು ವಾರ ಬಿಟ್ಟು ಇನ್ನೊಮ್ಮೆ ತೆಗೆಯಬೇಕು, ಅಷ್ಟರಲ್ಲಿ ಗಂಟು ಮೂಡಿ ಬಿರುಕನ್ನು ತೋರಿಸಿಕೊಡುತ್ತದೆ. ನಮ್ಮಲ್ಲಿ ಈ ಎರಡನೆಯ ಸಲದ ಎಕ್ಸ್‌ರೇಗೆ ಬರುವವರು ಬಹಳ ಕಡಿಮೆ.

ಆ ಹೆಣ್ಣುಮಗು ಬೆಂಗಳೂರಿಗೆ ಹೋದ ಮೇಲೆ ನಾನು ಓದಲು ಶುರುಮಾಡಿದೆ. ಮೊದಲು ಸಿಕ್ಕಿದ ಹೆಸರು ಜಾನ್ ಕ್ಯಾಫೀ. ನ್ಯೂಯಾರ್ಕಿನ ಮಕ್ಕಳ ಆಸ್ಪತ್ರೆಯ ವೈದ್ಯ, ಮಕ್ಕಳ ಎಕ್ಸ್‌ರೇ ಓದುವ ವಿದ್ಯೆಗೆ ಬುನಾದಿ ಹಾಕಿದವರಲ್ಲಿ ಒಬ್ಬರು. 1946ರಲ್ಲಿ ಅವರು ಆರು ಕೂಸುಗಳ ಬಗ್ಗೆ ಒಂದು ಲೇಖನ ಬರೆದರು. ಆರಕ್ಕೂ ಮಿದುಳಿನ ಸುತ್ತ ರಕ್ತ ಹೆಪ್ಪುಗಟ್ಟಿತ್ತು, ಆರರ ಕೈಕಾಲುಗಳಲ್ಲಿ ಸೇರಿ 23 ಮುರಿತ. ಮೂಳೆಯಲ್ಲಿ ರೋಗವಿಲ್ಲ, ಮನೆಯವರು ಯಾವ ಪೆಟ್ಟನ್ನೂ ಹೇಳುತ್ತಿಲ್ಲ. ಪೆಟ್ಟಿನಿಂದಲೇ ಆದ ಮುರಿತ ಎಂದು ಬರೆದ ಕ್ಯಾಫೀ, ಆ ಪೆಟ್ಟು ಹೇಗೆ ಬಿತ್ತು ಎಂಬಲ್ಲಿಗೆ ಬಂದಾಗ ಅದು ಸ್ಪಷ್ಟವಿಲ್ಲ ಎಂದು ನಿಲ್ಲಿಸಿದ್ದರು. ಅಪ್ಪ ಅಮ್ಮನ ಕಡೆ ಬೆರಳು ತೋರಿಸಲು ಅಲ್ಲಿಂದ ಇನ್ನೂ ಹದಿನಾರು ವರ್ಷ ಹಿಡಿಯಿತು. ಅಮೆರಿಕದ ಡೆನ್ವರಿನ ಮಕ್ಕಳ ವೈದ್ಯ ಹೆನ್ರಿ ಕೆಂಪ್ ಮತ್ತು ಸಂಗಡಿಗರು 1962ರಲ್ಲಿ 71 ಆಸ್ಪತ್ರೆಗಳಿಂದ ಒಂದು ವರ್ಷದ ಲೆಕ್ಕ ತರಿಸಿದರು. ಹೊಡೆತ ತಿಂದ 302 ಮಕ್ಕಳು, ಅದರಲ್ಲಿ 33 ಮಂದಿ ಸತ್ತಿದ್ದರು, 85 ಮಂದಿಯ ಮಿದುಳಿಗೆ ಶಾಶ್ವತ ಪೆಟ್ಟು. ಅದಾದ ಕೆಲವೇ ವರ್ಷಗಳಲ್ಲಿ ಅಲ್ಲಿನ ಎಲ್ಲ ರಾಜ್ಯಗಳೂ ವೈದ್ಯರು ವರದಿ ಮಾಡಲೇಬೇಕು ಎಂದು ಕಾನೂನು ಮಾಡಿದವು.

ಮಿದುಳಿನ ಸುತ್ತ ರಕ್ತ, ಮೈಯಲ್ಲಿ ಯಾರೂ ಹೇಳದ ಮುರಿತ. ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ಈ ಜೋಡಿಯನ್ನು ಬರೆದಿಟ್ಟಿದ್ದರು. ಅದರ ಅರ್ಧ ನನ್ನ ಕೈಯಲ್ಲಿತ್ತು, ಇನ್ನರ್ಧ ಮೂರು ವಾರ ತಡವಾಗಿ ಬಂತು. ಆ ಮೂರು ವಾರ ಈಗಲೂ ನನ್ನ ನಿದ್ದೆ ಕೆಡಿಸುತ್ತವೆ.

ಮಾಡಿದವರು ಯಾರು ಎಂದು ನನಗೆ ಗೊತ್ತಿಲ್ಲ. ಆರು ವಾರದ ಆಸುಪಾಸಿನಲ್ಲಿ ಕೂಸಿನ ಅಳು ತಾರಕಕ್ಕೇರುತ್ತದೆ, ನಿದ್ದೆಗೆಟ್ಟವರ ತಾಳ್ಮೆ ಅದೇ ಹೊತ್ತಿಗೆ ತೀರುತ್ತದೆ. ಓದಿದವರ ಮನೆಯಲ್ಲೂ ತೀರುತ್ತದೆ. ಅಂಥ ಹೊತ್ತಿನಲ್ಲಿ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಬಾಗಿಲಾಚೆ ಹೋಗಿ ನಿಲ್ಲಿ, ಐದು ನಿಮಿಷ ಅತ್ತರೆ ಏನೂ ಆಗುವುದಿಲ್ಲ ಎಂದು ನಮ್ಮ ಬಾಣಂತಿಯರಿಗೆ, ಅವರ ಗಂಡಂದಿರಿಗೆ ಯಾರೂ ಹೇಳಿಕೊಡುವುದಿಲ್ಲ. ಕೂಸನ್ನು ಹಿಡಿದು ಅಲ್ಲಾಡಿಸಬಾರದು ಅನ್ನುವುದನ್ನು ಲಸಿಕೆ ಹಾಕುವ ದಿನವೇ ಹೇಳಬೇಕು.

ಅನುಮಾನದ ದಾರಿ ಇನ್ನೊಂದು ಕಡೆಗೂ ತಪ್ಪಿದೆ. 2009ರಲ್ಲಿ ಲಂಡನ್ನಿನಲ್ಲಿ ನಾಲ್ಕು ತಿಂಗಳ ಗಂಡುಕೂಸೊಂದು ಸತ್ತಿತು. ತಲೆಗೆ ಪೆಟ್ಟು, ಮೈಯಲ್ಲಿ ಹಲವು ಮುರಿತ ಎಂದು ಎಳೆವಯಸ್ಸಿನ ಅಪ್ಪ ಅಮ್ಮನ ಮೇಲೆ ಕೊಲೆಯ ಮೊಕದ್ದಮೆ ನಡೆಯಿತು. ಕೂಸಿಗೆ ರಿಕೆಟ್ಸ್, ಅಂದರೆ ಮೂಳೆ ಮೆತ್ತಗಾಗುವ ಕಾಯಿಲೆ, ಇತ್ತು ಎಂದು ಗೊತ್ತಾದದ್ದು ಶವಪರೀಕ್ಷೆಯಲ್ಲಿ. ತಾಯಿಗೇ ವಿಟಮಿನ್ ಡಿ ಕೊರತೆ, ಅದು ಹೊಟ್ಟೆಯಲ್ಲಿದ್ದಾಗಲೇ ಕೂಸಿಗೆ ಬಂದಿತ್ತು. 2011ರ ಡಿಸೆಂಬರಿನಲ್ಲಿ ನ್ಯಾಯಾಲಯ ಇಬ್ಬರನ್ನೂ ಬಿಡುಗಡೆ ಮಾಡಿತು. ಅಷ್ಟರಲ್ಲಿ ಅವರಿಗೆ ಹುಟ್ಟಿದ್ದ ಎರಡನೆಯ ಮಗುವನ್ನು ಸರ್ಕಾರ ಕಿತ್ತುಕೊಂಡಿತ್ತು, ಅದು ಮನೆಗೆ ಮರಳಿದ್ದು 2012ರಲ್ಲಿ. ಸತ್ತ ಮಗುವಿಗೆ ಅತ್ತು ಮುಗಿಸಲೂ ಆ ಇಬ್ಬರಿಗೆ ಬಿಡುವು ಸಿಗಲಿಲ್ಲ.

ಹಾಗೆಂದು ವಿಟಮಿನ್ ಡಿ ಕಡಿಮೆ ಅಂತ ಒಂದು ಚೀಟಿ ಬಂದರೆ ಎಲ್ಲ ಮುರಿತಕ್ಕೂ ಅದೇ ಕಾರಣ ಅನ್ನುವಂತಿಲ್ಲ. ನಮ್ಮಲ್ಲಿ ಪರೀಕ್ಷೆ ಮಾಡಿದರೆ ಬಹುಪಾಲು ಕೂಸುಗಳಲ್ಲಿ ಅದು ಕಡಿಮೆಯೇ ಇರುತ್ತದೆ. ತಾಯಿಯ ಹಾಲಿನಲ್ಲಿ ಅದರ ಅಂಶ ತೀರಾ ಕಡಿಮೆ, ಬಾಣಂತಿ ಕೋಣೆಗೆ ಬಿಸಿಲು ಬೀಳುವುದಿಲ್ಲ. ಭಾರತೀಯ ಮಕ್ಕಳ ತಜ್ಞರ ಸಂಘ ಹುಟ್ಟಿದ ಪ್ರತಿ ಮಗುವಿಗೂ ಒಂದು ವರ್ಷದವರೆಗೆ ದಿನಕ್ಕೆ 400 ಯೂನಿಟ್ ಕೊಡಿ ಎಂದು ಹೇಳುವುದು ಇದಕ್ಕೇ. ರಕ್ತದಲ್ಲಿ ಕಡಿಮೆ ಇರುವುದು ಬೇರೆ, ಮೂಳೆಯ ತುದಿಯಲ್ಲಿ ರಿಕೆಟ್ಸ್ ಮೂಡಿರುವುದು ಬೇರೆ. ಬ್ರಿಟನ್ನಿನ ಕಾಲಿನ್ ಪ್ಯಾಟರ್ಸನ್ ಎಂಬ ವೈದ್ಯರು ಕೂಸುಗಳ ಮೂಳೆ ಕೆಲವು ತಿಂಗಳ ಮಟ್ಟಿಗೆ ಮಾತ್ರ ಪೆಡಸಾಗಿ ಆಮೇಲೆ ತಾನೇ ಸರಿಹೋಗುವ ಕಾಯಿಲೆ ಇದೆ ಎಂದು ಕೋರ್ಟುಗಳಲ್ಲಿ ವರ್ಷಗಟ್ಟಲೆ ಸಾಕ್ಷಿ ನುಡಿದರು. ಅದಕ್ಕೆ ಆಧಾರ ನಿಲ್ಲಲಿಲ್ಲ. 2004ರಲ್ಲಿ ಅಲ್ಲಿನ ವೈದ್ಯಕೀಯ ಮಂಡಳಿ ಅವರ ಹೆಸರನ್ನೇ ಪಟ್ಟಿಯಿಂದ ತೆಗೆಯಿತು.

ಹುಟ್ಟಿನಿಂದಲೇ ಮೂಳೆ ಪೆಡಸಾಗಿರುವ ಕಾಯಿಲೆ ಮಾತ್ರ ನಿಜವಾಗಿಯೂ ಇದೆ. ಆಸ್ಟಿಯೋಜೆನೆಸಿಸ್ ಇಂಪರ್ಫೆಕ್ಟಾ. ಮೂಳೆಗೆ ಹಗ್ಗದಂತಿರುವ ಕೊಲಾಜನ್ ಸರಿಯಾಗಿ ಹೆಣೆದುಕೊಳ್ಳುವುದಿಲ್ಲ. ಹದಿನೈದು ಇಪ್ಪತ್ತು ಸಾವಿರ ಮಕ್ಕಳಲ್ಲಿ ಒಂದಕ್ಕೆ ಬರುತ್ತದೆ. ಕಣ್ಣಿನ ಬಿಳಿಭಾಗ ನೀಲಿಗಟ್ಟಿರುವುದು, ತಲೆಬುರುಡೆಯ ಹೊಲಿಗೆಯಲ್ಲಿ ಸಣ್ಣ ಸಣ್ಣ ಹೆಚ್ಚುವರಿ ಮೂಳೆಗಳು, ಅಪ್ಪನಿಗೋ ಅಜ್ಜಿಗೋ ಬೇಗ ಕಿವಿ ಮಂದವಾದದ್ದು, ಮೇಲಿಂದ ಮೇಲೆ ಕೈ ಮುರಿದದ್ದು, ಇವೆಲ್ಲ ಸುಳಿವು. ಎಲ್ಲ ಮಕ್ಕಳಲ್ಲೂ ಕಣ್ಣು ನೀಲಿ ಇರುವುದಿಲ್ಲ. ಹೆಚ್ಚಿನವರಲ್ಲಿ ಅಪ್ಪನಿಂದಲೋ ಅಮ್ಮನಿಂದಲೋ ಬಂದ, ಇಲ್ಲವೇ ಹೊಸದಾಗಿ ಹುಟ್ಟಿದ ಒಂದೇ ಕೆಟ್ಟ ಜೀನ್ ಸಾಕು. ಎರಡೂ ಕಡೆಯಿಂದ ಬಂದರೆ ಮಾತ್ರ ಕಾಣಿಸಿಕೊಳ್ಳುವ ಬಗೆಯ ಜೀನುಗಳು 2006ರಿಂದ ಈಚೆಗೆ ಒಂದೊಂದಾಗಿ ಗೊತ್ತಾಗಿವೆ. ಸೋದರಮಾವನಿಗೆ, ಅತ್ತೆ ಮಗನಿಗೆ ಕೊಟ್ಟು ತರುವ ನಮ್ಮ ಮನೆತನಗಳಲ್ಲಿ ಈ ಬಗೆ ಬರುವ ಸಂಭವ ಜಾಸ್ತಿ. "ಸಂಬಂಧದಲ್ಲೇ ಮದುವೆಯಾ?" ಎಂದು ಡಾಕ್ಟರು ಕೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಆ ಪ್ರಶ್ನೆ ಎಷ್ಟೋ ಸಲ ತಾಯಿಯನ್ನೇ ಕಾಪಾಡುತ್ತದೆ.

ನನಗೆ ಹೇಳಬೇಕಾದದ್ದು ಪ್ರಶ್ನೆಗಳ ಬಗ್ಗೆಯೇ. ಅಜ್ಜಿಯನ್ನು ನಾವು ಕೇಳದೆಯೇ ತಪ್ಪಿತಸ್ಥೆ ಮಾಡಿದೆವು, ಕಾರಿನಲ್ಲಿ ಬಂದವರನ್ನು ಕೇಳದೆಯೇ ಬಿಟ್ಟೆವು. ಎರಡೂ ಕಡೆ ಆಗಬೇಕಾಗಿದ್ದದ್ದು ಒಂದೇ. ಯಾವಾಗ ಅಳು ಶುರುವಾಯಿತು, ಆಗ ಯಾರ ಕೈಯಲ್ಲಿತ್ತು, ಎಷ್ಟು ತಿಂಗಳಿಗೆ ಹುಟ್ಟಿತು, ಹಾಲು ಯಾವುದು, ಡ್ರಾಪ್ಸ್ ಹಾಕುತ್ತೀರಾ, ಮನೆಯಲ್ಲಿ ಯಾರಿಗಾದರೂ ಬೇಗ ಮೂಳೆ ಮುರಿಯುತ್ತದಾ. ಮೈಯ ಅಷ್ಟೂ ಮೂಳೆಯ ಎಕ್ಸ್‌ರೇ. ರಕ್ತದಲ್ಲಿ ಕ್ಯಾಲ್ಸಿಯಂ, ರಂಜಕ, ಆಲ್ಕಲೈನ್ ಫಾಸ್ಫಟೇಸ್, ವಿಟಮಿನ್ ಡಿ. ಕಣ್ಣಿನ ಒಳಪರದೆಯ ಪರೀಕ್ಷೆ. ಎರಡು ವಾರಕ್ಕೆ ಇನ್ನೊಮ್ಮೆ ಫಿಲ್ಮು. ಸೀರೆ ನೋಡಿ, ಜಾತಿ ನೋಡಿ, ಮಾತಾಡುವ ಕನ್ನಡ ನೋಡಿ ಇದರಲ್ಲಿ ಹೆಚ್ಚುಕಡಿಮೆ ಮಾಡುವಂತಿಲ್ಲ. ಇದು ನಮ್ಮ ಊರಿನ ರೋಗ ಮಾತ್ರವಲ್ಲ. ಫಿಲಡೆಲ್ಫಿಯಾದ ಮಕ್ಕಳ ಆಸ್ಪತ್ರೆಯಲ್ಲಿ ಮೂಳೆ ಮುರಿದು ಬಂದ ಪುಟ್ಟ ಮಕ್ಕಳ ದಾಖಲೆಗಳನ್ನು ತೆಗೆದು ನೋಡಿದಾಗ, ಬಿಳಿಯರಲ್ಲದವರ ಮಕ್ಕಳನ್ನೇ ಹೆಚ್ಚಾಗಿ ಹೊಡೆತದ ಅನುಮಾನದಿಂದ ಪರೀಕ್ಷಿಸಿದ್ದರು, ವರದಿ ಮಾಡಿದ್ದರು ಎಂದು 2002ರಲ್ಲಿ ಪ್ರಕಟವಾಯಿತು. ಓದಿದಾಗ ನನ್ನ ಎರಡೂ ಫಿಲ್ಮುಗಳು ಕಣ್ಣೆದುರು ಬಂದವು.

ಅನುಮಾನ ಉಳಿದರೆ ಎಂಎಲ್‌ಸಿ, ಅಂದರೆ ಪೊಲೀಸರಿಗೆ ಹೋಗುವ ಮೆಡಿಕೋ-ಲೀಗಲ್ ಕೇಸು, ಮಾಡಬೇಕು, ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸಬೇಕು. 1098ಕ್ಕೆ ಯಾರು ಬೇಕಾದರೂ ಫೋನ್ ಮಾಡಬಹುದು. ಟೆಕ್ನಿಷಿಯನ್ ಕೂಡ ಮಾಡಬಹುದು. ನನಗೆ ಅವತ್ತು ಅಷ್ಟೂ ಗೊತ್ತಿರಲಿಲ್ಲ.

ಅಜ್ಜಿಯ ಮೊಮ್ಮಗನ ಕಾಲು ನಾಲ್ಕು ವಾರಕ್ಕೆ ಕೂಡಿತು. ಡ್ರಾಪ್ಸ್ ಮತ್ತೆ ಶುರುವಾಗಿತ್ತು, ಮಣಿಕಟ್ಟಿನ ತುದಿಯಲ್ಲಿ ತೆಳ್ಳನೆಯ ಬಿಳಿಗೆರೆ ಮರಳುತ್ತಿತ್ತು. ಕೊನೆಯ ಸಲ ಬಂದಾಗ ಅಜ್ಜಿ ಫಿಲ್ಮು ಕೇಳಿದರು. ಕೊಟ್ಟೆ. ಕಿಟಕಿಗೆ ಹಿಡಿದು ತುಂಬ ಹೊತ್ತು ನೋಡಿ, "ನಾನಲ್ಲ ಅಂತ ಇದ್ರಲ್ಲಿ ಬರೆದೈತಾ ಅವ್ವ?" ಅಂದರು.

ಫಿಲ್ಮಿನಲ್ಲಿ ಬರೆದಿರಲಿಲ್ಲ. ಡಿಸ್ಚಾರ್ಜ್ ಕಾರ್ಡಿನಲ್ಲಿ ಇದ್ದದ್ದು ಇಂಗ್ಲಿಷಿನಲ್ಲಿ ಎರಡು ಸಾಲು. ನಾನು ಅವರನ್ನು ಮೇಡಂ ಹತ್ತಿರ ಕರೆದುಕೊಂಡು ಹೋದೆ. ಮೇಡಂ ಲೆಟರ್‌ಹೆಡ್ ತೆಗೆದು ಕನ್ನಡದಲ್ಲೇ ಬರೆದರು. ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದ್ದರಿಂದ ಮೂಳೆಯಲ್ಲಿ ಶಕ್ತಿ ಇರಲಿಲ್ಲ, ಅದರಿಂದ ಮುರಿದಿದೆ, ಆರೈಕೆ ಮಾಡಿದವರ ತಪ್ಪಿಲ್ಲ. ಸಹಿ ಹಾಕಿ ಸೀಲು ಒತ್ತಿದರು. ಹೊರಗೆ ಬೆಂಚಿನ ಮೇಲೆ ಅಳಿಯ ಕೂತಿದ್ದ, ಪಕ್ಕದಲ್ಲಿ ಅವನ ತಾಯಿ. ಅಜ್ಜಿ ಕಾಗದವನ್ನು ನನ್ನ ಕೈಗೆ ಕೊಟ್ಟು, "ನೀನೇ ಓದವ್ವ, ಗಟ್ಟಿಯಾಗಿ ಓದು" ಅಂದರು. ಓದಿದೆ. ಬೀಗಿತ್ತಿ ಏನೂ ಅನ್ನಲಿಲ್ಲ, ಕೂಸನ್ನು ಎತ್ತಿಕೊಂಡು ಎದ್ದರು. ಅಜ್ಜಿ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲದೊಳಗೆ ಇಟ್ಟರು. ಆಮೇಲೆ ಚೀಲದ ತಳದಿಂದ, ನಾನು ಅವತ್ತು ಕತ್ತರಿಸಿ ಕೊಟ್ಟಿದ್ದ ಉಡಿದಾರವನ್ನು ತೆಗೆದು, ಕತ್ತರಿಸಿದ ಕಡೆ ಗಂಟು ಹಾಕಿ, ಮೊಮ್ಮಗನ ಸೊಂಟಕ್ಕೆ ಕಟ್ಟಿದರು.